ಮೇಲಿಟ್ಟ ಫಾರ್ಮು

ಟಕ್, ಟಕ್, ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಇನ್ನೆಲ್ಲೋ, ಗುಡ್ಡದ ಇನ್ನೂ ಮೇಲಿನಿಂದ, ಟಕ್, ಟಕ್. ಮೇ ತಿಂಗಳ ಕೊನೆಯ ವಾರದಲ್ಲಿ ವಾಸ್ಕೋದ ಸಡಾ ಗುಡ್ಡದ ತುಂಬ ಈ ಸದ್ದು. ಮಳೆ ಬರುವುದರೊಳಗೆ ಎಲ್ಲರೂ ಮನೆಯ ಮೇಲಿನ ತಗಡು ಬಿಗಿ ಮಾಡಿ, ನೀಲಿ ಪ್ಲಾಸ್ಟಿಕ್ ಹೊದಿಸಿ ಮೊಳೆ ಹೊಡೆಯುತ್ತಿದ್ದರು. ಮೊಳೆಯ ತೂತಿನಿಂದ ನೀರು ಇಳಿಯಬಾರದೆಂದು ಅದರ ತಲೆಯಡಿ ಬಾಟಲಿಯ ಮುಚ್ಚಳವೊಂದನ್ನು ಚಪ್ಪಟೆ ಮಾಡಿ ಇಡುತ್ತಿದ್ದರು. ಗೋವಾದಲ್ಲಿ ಬಾಟಲಿ ಮುಚ್ಚಳಕ್ಕೇನು ಬರ? ಗುಡ್ಡದ ಮಕ್ಕಳೆಲ್ಲ ಏಪ್ರಿಲ್‌ನಿಂದಲೇ ಆರಿಸಿ ಕೂಡಿಸಿಡುತ್ತಿದ್ದರು.

ಮೊನ್ನೆ ಧಾರವಾಡದ ನಮ್ಮ ಓಣಿಯಲ್ಲಿ ಎದುರು ಮನೆಯವರು ಟೆರೇಸಿನ ಮೇಲೆ ತಗಡು ಹಾಕಿಸಿದರು. ನಾನು ಮಧ್ಯಾಹ್ನದ ಚಹಾ ಕುಡಿಯುತ್ತಿದ್ದವಳು ಕಪ್ಪನ್ನು ಹಾಗೆಯೇ ಕೆಳಗಿಟ್ಟೆ. ಎರಡು ಸಾವಿರದ ಐದನೆಯ ಇಸವಿಯ ಆ ಮಳೆಗಾಲ ಪೂರ್ತಿ ಎದುರಿಗೆ ಬಂದು ನಿಂತಿತು. ಎದ್ದು ಹೋಗಿ ಅಲಮಾರಿಯ ಕೆಳಗಿನ ಡ್ರಾಯರ್ ತೆಗೆದೆ. ಫಾರ್ಮು ಅಲ್ಲೇ ಇತ್ತು. ಬಿಳಿಯದು. ಎಲ್ಲಿಡಬೇಕೋ ತಿಳಿಯದೆ ಇಷ್ಟು ವರ್ಷ ಅಲ್ಲೇ ಇಟ್ಟಿದ್ದೇನೆ.

ಯಜಮಾನರು ಪೋರ್ಟಿನ ಆಫೀಸಿನಲ್ಲಿದ್ದರು. ರಿಟೈರ್ ಆದ ಮೇಲೆ ನಾವು ವಾಸ್ಕೋದಲ್ಲೇ, ಸಡಾ ಗುಡ್ಡಕ್ಕೆ ಏರುವ ರಸ್ತೆಯ ಬುಡದಲ್ಲಿ ಒಂದು ಫ್ಲ್ಯಾಟು ಮಾಡಿಕೊಂಡು ಉಳಿದೆವು. ಮಕ್ಕಳಿಲ್ಲ, ಸಂಜೆಗಳು ಉದ್ದ. ಗುಡ್ಡದ ಮೇಲೆ ಬಾಗಲಕೋಟೆ, ಬಾದಾಮಿ, ಗದಗ ಕಡೆಯ ಮಂದಿಯ ಮನೆಗಳು. ಅವರ ಮಕ್ಕಳು ನಾಲ್ಕೈದು ಮಂದಿ ಸಂಜೆ ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದರು. ನಾನು ಯಾವ ಶಾಲೆಯಲ್ಲೂ ಕಲಿಸಿದವಳಲ್ಲ. ಆದರೂ ಊರ ಕಡೆ ಟೀಚರಿಗೆ ಹೇಳುವ ಹಾಗೆ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಟು ಬಿ ಆನೆಸ್ಟ್, ಹಾಗೆ ಕರೆಸಿಕೊಳ್ಳುವುದು ನನಗೆ ಬಹಳ ಇಷ್ಟವಾಗಿತ್ತು.

ಅವರಲ್ಲಿ ಕಸ್ತೂರಿ ಒಬ್ಬಳು. ಆ ವರ್ಷ ಹತ್ತನೆಯ ಪರೀಕ್ಷೆ ಬರೆದಿದ್ದಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಗಟ್ಟಿ ದನಿ. ಅವಳಪ್ಪ ದ್ಯಾಮಣ್ಣ ಪೋರ್ಟಿನಲ್ಲಿ ಅದಿರು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ನೀಲವ್ವ ಅದೇ ಅದಿರಿನ ಸ್ಯಾಂಪಲ್ಲನ್ನು ಡಬ್ಬಿಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಪರೀಕ್ಷೆ ಮಾಡುವ ಲ್ಯಾಬಿಗೆ ಮುಟ್ಟಿಸುವ ಕೆಲಸದಲ್ಲಿದ್ದಳು. ರಜೆ ಇದ್ದಾಗ ಕಸ್ತೂರಿ ಅವ್ವನಿಗೆ ಬುತ್ತಿ ಒಯ್ಯುತ್ತಿದ್ದಳು. ಒಯ್ದವಳು ಲ್ಯಾಬಿನ ಕಿಟಕಿಗೆ ಮೂಗು ಹಚ್ಚಿ ನಿಂತುಬಿಡುತ್ತಿದ್ದಳು.

“ಅಕ್ಕಾರ, ಗಾಜಿನ ಉದ್ದನ್ನ ಕೊಳವಿ ಇರತೈತ್ರಿ. ಅದರ ಬುಡಕ ಸಣ್ಣ ನಳಾ. ಆ ಸರ್ ಬಗ್ಗಿ, ಕಣ್ಣ ಮಟ್ಟಕ್ಕ ನೋಡಿ ಒಂದೊಂದ ಹನಿ ಬಿಡತಾರ. ಕೆಳಗ ಹಸರ ನೀರು. ಹನಿ ಬೀಳತೈತಿ, ಹಸರ. ಮತ್ತ ಬೀಳತೈತಿ, ಹಸರ. ಆಮ್ಯಾಲ ಒಂದ ಹನಿ ಬಿತ್ತಂದ್ರ ಪೂರಾ ನೇರಳಿ ಆಗಿಬಿಡತೈತ್ರಿ. ಒಂದ ಹನಿಗೆ.”

“ಅದರಿಂದ ಏನು ಗೊತ್ತಾಗತದ?”

“ಮಣ್ಣಾಗ ಕಬ್ಬಣ ಎಷ್ಟ ಐತಿ ಅಂತ. ನಮ್ಮವ್ವ ಹೊತಗೊಂಡ ಹೋಗೂ ಮಣ್ಣರಿ ಅದು. ಹೊತ್ತಾಕಿಗೆ ಅದರಾಗ ಏನೈತಿ ಗೊತ್ತಿಲ್ಲ, ನೋಡ್ರಿ.”

ಆ ಹನಿ ಬಿಡುವ ಕೆಲಸ ತನಗೆ ಬೇಕು ಎಂದಳು. ಅದಕ್ಕೆ ಏನು ಓದಬೇಕೆಂದು ಕಿಟಕಿಯಾಚೆಯ ಸರ್‌ರನ್ನೇ ಕೇಳಿ ಬಂದಿದ್ದಳು. ಹನ್ನೊಂದು, ಹನ್ನೆರಡು ಸೈನ್ಸು, ಆಮೇಲೆ ಕೆಮಿಸ್ಟ್ರಿ. ಬೆರಳು ಮಡಚಿ ಎಣಿಸಿ ಹೇಳಿದಳು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮ್ಯಾಟ್ರಿಕ್ ಮುಗಿದ ವರ್ಷ ಅಲ್ಲಿಯ ಮುಖ್ಯಸ್ಥೆ ಮದರ್ ನನ್ನ ಅಪ್ಪನನ್ನು ಕರೆಸಿ, “ಶಿ ಹ್ಯಾಸ್ ಅ ಬ್ಯೂಟಿಫುಲ್ ಹ್ಯಾಂಡ್. ಲೆಟ್ ಹರ್ ಟೇಕ್ ಆರ್ಟ್ಸ್” ಎಂದಿದ್ದರು. ನನಗೆ ಬೇಕಿದ್ದದ್ದು ಸೈನ್ಸು. ಬಾಟನಿಯ ಪುಸ್ತಕವೊಂದನ್ನು ಆಗಲೇ ಯಾರದೋ ಕಡೆಯಿಂದ ಇಸಿದುಕೊಂಡು ಓದುತ್ತಿದ್ದೆ. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಆರ್ಟ್ಸ್‌ಗೆ ಹೋದೆ. ಈ ಮಾತೆಲ್ಲ ಆಗುವಾಗ ನಾನು ಆಫೀಸಿನ ಬಾಗಿಲ ಹೊರಗೆ, ಕೆಂಪು ಹೆಂಚಿನ ನೆಲದ ಮೇಲೆ ನಿಂತಿದ್ದೆ. ಒಳಗೆ ಯಾರೂ ಕರೆಯಲಿಲ್ಲ. ಈ ಕತೆಯನ್ನು ನಾನು ಮಕ್ಕಳಿಗೆ ಮದರ್‌ನ ದನಿ ತೆಗೆದು, ಮೂಗಿನಿಂದ ಮಾತಾಡಿ ಹೇಳುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಕಸ್ತೂರಿ ಮಾತ್ರ ನಗುತ್ತಿರಲಿಲ್ಲ.

“ನೀವು ಒಳಗ ಹೋಗಿ ಹೇಳಬೇಕಿತ್ತಿಲ್ರಿ?” ಎಂದು ಒಮ್ಮೆ ಕೇಳಿದಳು.

“ಆವಾಗ ಹಂಗೆಲ್ಲಾ ಹೇಳೂ ಹಂಗಿರಲಿಲ್ಲವಾ.”

“ಈಗಾದ್ರ ಹೇಳತಿದ್ರಿ?”

“ಈಗ ಬಿಡತೇನೇನು” ಎಂದೆ.

ಆ ಮಾತನ್ನು ಅವಳು ನೆನಪಿಟ್ಟುಕೊಂಡಿದ್ದಳು. ಅದಕ್ಕೇ ಆಮೇಲೆ ಫಾರ್ಮು ನನ್ನ ಕೈಗೆ ಬಂತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ರಿಸಲ್ಟು ಬಂತು. ಕಸ್ತೂರಿಗೆ ಡಿಸ್ಟಿಂಕ್ಷನ್‌ಗೆ ಒಂದೆರಡು ಮಾರ್ಕು ಕಡಿಮೆ. ಗಣಿತದಲ್ಲಿ ಕ್ಲಾಸಿಗೇ ಮೊದಲು, ಇಂಗ್ಲಿಷ್ ಸುಮಾರು. ಅದೇ ವಾರ ಮಳೆ ಹಿಡಿಯಿತು. ಮಳೆಗಾಲ ಬಂತೆಂದರೆ ಗಣಿ ನಿಲ್ಲುತ್ತದೆ, ಅದಿರು ತುಂಬುವ ಕೆಲಸ ಇಳಿಯುತ್ತದೆ. ಆಗ ಸಡಾದ ಅರ್ಧ ಮಂದಿ ಗಂಟು ಕಟ್ಟಿಕೊಂಡು ಬಿತ್ತಿಗೆಗೆ ಊರಿಗೆ ಹೋಗುತ್ತಾರೆ. ದೊಡ್ಡವರು, ಸಣ್ಣವರು, ಕೈ ಇದ್ದವರೆಲ್ಲ ಹೋಗಬೇಕು. ಶಾಲೆ ಕಾಲೇಜಿನ ಅಡ್ಮಿಷನ್ನೂ ಸರಿಯಾಗಿ ಅದೇ ದಿನಗಳಲ್ಲಿ ಬರುತ್ತಿತ್ತು. ಗುಡ್ಡದ ಮಕ್ಕಳ ಫಾರ್ಮುಗಳನ್ನು ಪ್ರತಿವರ್ಷ ಯಾರಾದರೂ ಉಳಿದವರು ಕೊಟ್ಟು ಬರುವುದು ವಾಡಿಕೆ. ಆ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು.

ಬಸ್ಸಿಗೆ ಹೊರಟವರು ಮೂವರೂ ದಾರಿಯಲ್ಲಿ ನಮ್ಮ ಮನೆಗೆ ಬಂದರು. ದ್ಯಾಮಣ್ಣ ಹೊಸ್ತಿಲಲ್ಲೇ ನಿಂತ.

“ಒಳಗ ಬಾ, ಕೂಡು” ಎಂದೆ.

“ಬ್ಯಾಡ್ರಿ. ನಾ ಕುಂತ್ರ ನಿಮ್ಮ ಸೋಫಾ ಕೆಂಪ ಆಗತೈತಿ. ಎಷ್ಟ ತೊಳದ್ರೂ ಈ ಮಣ್ಣ ಬಿಡವಲ್ದು.”

ಕಸ್ತೂರಿ ಮಾರ್ಕ್ಸ್ ಕಾರ್ಡಿನ ಜೊತೆ ಎರಡು ಫಾರ್ಮು ಕೊಟ್ಟಳು. ಬಿಳಿಯದು ಸೈನ್ಸಿನದು. ಹಳದಿಯದು ವೊಕೇಷನಲ್ ಕೋರ್ಸಿನದು, ಹೋಟೆಲಿನ ಅಡುಗೆ ಕಲಿಸುವುದು. ಮುಗಿಸಿದವರಿಗೆ ಬೇಗ ಕೆಲಸ ಸಿಗುತ್ತದೆಂದು ಪೋರ್ಟಿನಲ್ಲಿ ಯಾರೋ ದ್ಯಾಮಣ್ಣನಿಗೆ ಹೇಳಿದ್ದರು. ಎರಡರಲ್ಲೂ ಹೆಸರು, ವಿಳಾಸ ಅವಳೇ ತುಂಬಿದ್ದಳು. ಎರಡರ ಕೆಳಗೂ ಅವನ ಹೆಬ್ಬೆಟ್ಟು.

“ಎರಡಕ್ಕೂ ಒತ್ತೀನ್ರಿ ಅಕ್ಕಾರ. ಮ್ಯಾಲಿಂದು ಹುಡಿಗಿ ಮನಸಿಂದು. ಕೆಳಗಿಂದು ನನ್ನ ಮನಸಿಂದು. ನೀವು ಕಲ್ತಾರು. ಯಾವದ ಕೊಟ್ರೂ ನಾ ಒಲ್ಲೆ ಅನ್ನಂಗಿಲ್ಲ.”

“ಅಡಗಿ ಕಲಸಾಕ ಸಾಲಿ ಯಾತಕ್ಕ?” ನೀಲವ್ವ ಗಂಟು ಕೆಳಗಿಟ್ಟು ಅಂದಳು. “ನಾ ಸಣ್ಣಾಕಿದ್ದಾಗಿಂದ ಮಾಡಾಕತ್ತೇನಿ. ನನಗ ಯಾರರ ಸರ್ಟಿಫಿಕೇಟ ಕೊಟ್ರೇನು?”

“ನಿನ್ನ ಸಾರು ಉಂಡಾವರು ಹೆಂಗ ಕೊಟ್ಟಾರು?” ಎಂದ ದ್ಯಾಮಣ್ಣ. ಎಲ್ಲರೂ ನಕ್ಕೆವು.

ಊರಿನ ಅಂಗಡಿಯೊಂದರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಮೆಟ್ಟಿಲು ಇಳಿದವಳು ಕಸ್ತೂರಿ ಮತ್ತೆ ಹತ್ತಿ ಬಂದಳು.

“ಅಕ್ಕಾರ, ಬಿಳೇದು ಮ್ಯಾಲ ಐತ್ರಿ.”

“ಕಂಡೇನವಾ” ಎಂದೆ.

ಕೊನೆಯ ದಿನಾಂಕಕ್ಕೆ ಇನ್ನೂ ಒಂದು ವಾರವಿತ್ತು. ಆ ವಾರ ಬಿಡದೆ ಮಳೆ ಸುರಿಯಿತು. ಗೋಡೆಗೆಲ್ಲ ಬೂಸು, ಬಟ್ಟೆ ಒಣಗದೆ ಮನೆಯ ತುಂಬ ಒಂದು ಮುಗ್ಗಲು ವಾಸನೆ. ಗುಡ್ಡದಿಂದ ಕೆಂಪು ನೀರು ರಸ್ತೆಯ ಮೇಲೆ ಹರಿದು ಬರುತ್ತಿತ್ತು. ಎರಡು ಫಾರ್ಮೂ ಊಟದ ಮೇಜಿನ ಮೇಲೆ, ತೇವ ತಾಗದಿರಲೆಂದು ಡಿಕ್ಷನರಿಯ ಕೆಳಗೆ. ಹೋಗುತ್ತ ಬರುತ್ತ ಅವನ್ನು ತೆಗೆದು ನೋಡುತ್ತಿದ್ದೆ.

ಯಜಮಾನರು ಪೇಪರಿನಿಂದ ತಲೆ ಎತ್ತಿ, “ಅದರಾಗ ವಿಚಾರ ಮಾಡೋದೇನದ? ಹುಡಿಗಿ ಮ್ಯಾಲ ಇಟ್ಟಾಳ. ಮ್ಯಾಲಿಂದ ಕೊಟ್ಟ ಬಾ” ಎಂದರು.

“ಸೈನ್ಸ್ ಅಂದ್ರ ಸುಮ್ನ ಆತೇನ್ರಿ? ಎಲ್ಲಾ ಇಂಗ್ಲಿಷಿನಾಗ. ಟ್ಯೂಷನ್ನಿಲ್ಲದ ಯಾರ ಪಾಸಾಗತಾರ? ಫಿಸಿಕ್ಸ್ ಹೇಳಿಕೊಡು ಅಂದ್ರ ನನಗ ಬರೂದಿಲ್ಲ, ನಿಮಗ ಬರೂದಿಲ್ಲ.”

“ನಿನಗ ಬರೂದಿಲ್ಲ ಅಂದ್ರ ಆಕಿಗೂ ಬರೂದಿಲ್ಲೇನು?” ಎಂದು ಮತ್ತೆ ಪೇಪರಿನೊಳಗೆ ಹೋದರು.

ನನಗೆ ಸಿಟ್ಟು ಬಂತು. ಗಂಡಸರಿಗೆ ಎಲ್ಲವೂ ಎಷ್ಟು ಸಿಂಪಲ್ ಎಂದುಕೊಂಡೆ. ಫೋನ್ ನಂಬರಿನ ಚೀಟಿ ಫ್ರಿಜ್ಜಿನ ಮೇಲೆಯೇ ಇತ್ತು. ನಾನು ಫೋನ್ ಮಾಡಲಿಲ್ಲ. ಮಾಡಿದ್ದರೆ ಕಸ್ತೂರಿ ಏನು ಹೇಳುತ್ತಿದ್ದಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮಾಡಲಿಲ್ಲ.

ಕೊನೆಯ ದಿನ ಎರಡೂ ಫಾರ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದೆ. ಹೈಯರ್ ಸೆಕೆಂಡರಿಯ ವರಾಂಡದಲ್ಲಿ ಸಾಲು. ನೆಲದ ತುಂಬ ಕೊಡೆಗಳ ನೀರು. ನನ್ನ ಮುಂದೆ ಒಬ್ಬಾಕೆ ಮಗನ ಜೊತೆ ನಿಂತಿದ್ದಳು, ಕೈಯಲ್ಲಿ ಅದೇ ಬಿಳಿಯ ಫಾರ್ಮು. ಏಪ್ರಿಲ್‌ನಿಂದಲೇ ಟ್ಯೂಷನ್ ಶುರು ಮಾಡಿಸಿದ್ದೇವೆ, ಫಿಸಿಕ್ಸಿಗೆ ಒಬ್ಬರು, ಮ್ಯಾಥ್ಸಿಗೆ ಒಬ್ಬರು, ಆದರೂ ಇವನಿಗೆ ತಲೆಗೆ ಹೋಗುತ್ತಿಲ್ಲ ಎಂದು ಕೊಂಕಣಿಯಲ್ಲಿ ಯಾರಿಗೋ ಹೇಳುತ್ತಿದ್ದಳು. ನಾನು ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಮೇಜಿನ ಹಿಂದೆ ಒಬ್ಬ ಚಿಕ್ಕ ವಯಸ್ಸಿನ ಟೀಚರ್. ಬಹಳ ಕೈಂಡ್ ಹುಡುಗಿ.

“ಯೆಸ್ ಆಂಟಿ, ವಿಚ್ ಸ್ಟ್ರೀಮ್?”

“ಸೈನ್ಸಿನಲ್ಲಿ ಸೀಟು ಇವೆಯೇ?” ಎಂದು ಇಂಗ್ಲಿಷಿನಲ್ಲೇ ಕೇಳಿದೆ.

“ಪ್ಲೆಂಟಿ, ಆಂಟಿ. ಈ ಸಲ ಎಲ್ಲರೂ ಕಾಮರ್ಸಿಗೇ ಹೋಗುತ್ತಿದ್ದಾರೆ.”

“ಫೇಲಾದರೆ?”

ಅವಳು ನನ್ನ ಕೈಯಲ್ಲಿದ್ದ ಮಾರ್ಕ್ಸ್ ಕಾರ್ಡನ್ನೊಮ್ಮೆ ನೋಡಿ ನಕ್ಕಳು. “ಯಾಕೆ ಫೇಲಾಗುತ್ತಾಳೆ? ಆದರೂ, ಫೇಲಾದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಕೆಲವರು ಬಿಟ್ಟೇಬಿಡುತ್ತಾರೆ.”

ನಾನು ಬಿಳಿಯ ಫಾರ್ಮನ್ನು ಚೀಲದಲ್ಲೇ ಉಳಿಸಿ ಹಳದಿಯದನ್ನು ಮೇಜಿನ ಮೇಲೆ ಇಟ್ಟೆ.

ಸೆನ್ಸಿಬಲ್ ಆದ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಬಂದೆ. ಎರಡು ವರ್ಷದಲ್ಲಿ ಕೈಗೊಂದು ಕೆಲಸ, ಗೋವಾದಲ್ಲಿ ಹೋಟೆಲಿಗೇನು ಕಡಿಮೆ, ದ್ಯಾಮಣ್ಣನ ಮನಸ್ಸೂ ಅದೇ. ಈ ಕಾರಣಗಳೆಲ್ಲ ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ಆ ಮೇಜಿನ ಮುಂದೆ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅವು ಯಾವುವೂ ಅಲ್ಲ. ಹುಡುಗಿ ಸೈನ್ಸ್ ತೆಗೆದುಕೊಂಡು ಫೇಲಾದರೆ, ಅಕ್ಕಾರ ಮಾತು ಕೇಳಿ ಕೆಟ್ಟೆವು ಎಂದು ಗುಡ್ಡದ ಮಂದಿ ಅಂದಾರು ಎಂಬ ಹೆದರಿಕೆ. ಅಷ್ಟೇ. ಮದರ್‌ಗೆ ಕೊನೆಯ ಪಕ್ಷ ನನ್ನ ಅಕ್ಷರವಾದರೂ ಇಷ್ಟವಾಗಿತ್ತು.

ಜುಲೈ ಮೊದಲ ವಾರ ಕಸ್ತೂರಿ ಒಬ್ಬಳೇ ಮೊದಲು ವಾಪಸು ಬಂದಳು, ಕ್ಲಾಸು ಶುರುವಾಗುತ್ತದೆಂದು. ಬಸ್ಸಿಳಿದವಳು ಸೀದಾ ನಮ್ಮ ಮನೆಗೆ. ತೊಯ್ದ ಜಡೆ, ಕಾಲಿನ ಉಗುರಲ್ಲಿ ಊರಿನ ಕರಿಮಣ್ಣು. ಗುರೆಳ್ಳು ಚಟ್ನಿಪುಡಿಯ ಗಂಟೊಂದನ್ನು ನನ್ನ ಕೈಗಿಟ್ಟು, “ಅವ್ವ ಕೊಟ್ಟಾಳ್ರಿ” ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು.

“ಸೈನ್ಸಿನ ಸೀಟು ತುಂಬಿಬಿಟ್ಟಿದ್ದುವು ಕಸ್ತೂರಿ” ಎಂದೆ. “ಏನು ಮಾಡೋದು? ಇನ್ನೊಂದನ್ನ ಕೊಟ್ಟ ಬಂದೆ.”

ಹೇಳುವ ತನಕ ಆ ಸುಳ್ಳು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಯಜಮಾನರು ಪೇಪರ್ ಮಡಚುವ ಸಪ್ಪಳವಾಯಿತು. ಅವರು ಹೊರಗೆ ಬರಲಿಲ್ಲ.

ಕಸ್ತೂರಿ ತಲೆಯಾಡಿಸಿದಳು. “ಪೂರಾ ತುಂಬಿದ್ದುವೇನ್ರಿ?”

“ಪೂರಾ.”

“ಹೋಗ್ಲಿ ಬಿಡ್ರಿ. ಮಳ್ಯಾಗ ನಿಮಗ ತ್ರಾಸ ಆತು.”

ಅಷ್ಟು ಹೇಳಿ ಗುಡ್ಡ ಹತ್ತಿ ಹೋದಳು. ಮರುದಿನ ಯಜಮಾನರು ಚಹಾ ಕುಡಿಯುತ್ತ, “ಇನ್ನೂ ಬದಲಿ ಮಾಡಸಲಿಕ್ಕೆ ಬರತದೇನು ಕೇಳಿ ನೋಡು” ಎಂದರು. ಕೇಳಲು ಹೋದರೆ ಸೀಟು ಇದ್ದವೆಂಬುದು ಹೊರಗೆ ಬೀಳುತ್ತಿತ್ತು. ನಾನು ಹೋಗಲಿಲ್ಲ.

ಆ ಎರಡು ವರ್ಷ ಅವಳು ಬರುವುದನ್ನು ಬಿಡಲಿಲ್ಲ. ಇಂಗ್ಲಿಷ್ ಪಾಠಕ್ಕೆ ಬಂದಂತೆಯೇ ಬಂದಳು. ಕ್ಲಾಸಿನಲ್ಲಿ ಮಾಡಿದ್ದನ್ನು ಸ್ಟೀಲಿನ ಡಬ್ಬಿಯಲ್ಲಿ ತರುತ್ತಿದ್ದಳು. ಒಂದು ದಿನ ಕಸ್ಟರ್ಡ್, ಒಂದು ದಿನ ಬೇಯಿಸಿದ ತರಕಾರಿಗೆ ಬಿಳಿಯ ಸಾಸು. ನೀಲವ್ವನಿಗೆ ಅದನ್ನು ನೋಡಿಯೇ ನಗು. “ಖಾರ ಇಲ್ಲ, ಉಪ್ಪ ಇಲ್ಲ, ಇದನ್ನ ಜಡ್ಡಾದಾವರಿಗೆ ಮಾಡತಾರೇನ?” ಎನ್ನುತ್ತಿದ್ದಳು. ಯಜಮಾನರು ಮಾತ್ರ ಡಬ್ಬಿ ತೊಳೆದಂತೆ ತಿಂದು, “ಫಸ್ಟ್ ಕ್ಲಾಸ್ ಆಗೇದವಾ” ಎನ್ನುತ್ತಿದ್ದರು. ನಾನೂ ತಿಂದೆ. ಲ್ಯಾಬಿನ ಮಾತನ್ನು ಕಸ್ತೂರಿ ಮತ್ತೆ ಒಮ್ಮೆಯೂ ಎತ್ತಲಿಲ್ಲ. ಮದರ್‌ನ ಕತೆಯನ್ನು ನಾನೂ ಯಾರಿಗೂ ಹೇಳಲಿಲ್ಲ. ಹೊಸ ಮಕ್ಕಳು, “ಅಕ್ಕಾರ, ಆ ಮೂಗಿನಾಗ ಮಾತಾಡೂದ ಮಾಡ್ರಿ” ಎಂದು ಗಂಟುಬಿದ್ದರೆ ತಲೆನೋವು ಎನ್ನುತ್ತಿದ್ದೆ.

ಕೋರ್ಸು ಮುಗಿಯಿತು, ಕೆಲಸ ಸಿಕ್ಕಿತು. ಪಣಜಿ ಕಡೆಯ ಯಾವುದೋ ಹೋಟೆಲು ಎಂದು ದ್ಯಾಮಣ್ಣ ಪೇಢೆ ಹಿಡಿದುಕೊಂಡು ಬಂದಿದ್ದ. “ನೀವು ಚಲೋ ದಾರಿ ಹಚ್ಚಿದ್ರಿ” ಎಂದು ಕೈ ಮುಗಿದ. ನಾನು ಪೇಢೆಯ ಪೊಟ್ಟಣವನ್ನು ಬಿಚ್ಚದೆ ಫ್ರಿಜ್ಜಿನೊಳಗಿಟ್ಟೆ.

ಎರಡು ಸಾವಿರದ ಹನ್ನೊಂದರಲ್ಲಿ, ನಾವು ಗೋವಾ ಬಿಟ್ಟು ಧಾರವಾಡಕ್ಕೆ ಬರುವ ಸ್ವಲ್ಪ ಮುಂಚೆ, ತಂಗಿಯ ಮಗಳ ಮದುವೆಗೆಂದು ದಿಲ್ಲಿಗೆ ಹೊರಟಿದ್ದೆವು. ದಾಬೋಲಿಮ್ ಏರ್‌ಪೋರ್ಟು ಆಗ ಸಣ್ಣದು, ಕೂಡಲು ಜಾಗವಿಲ್ಲದಷ್ಟು ಜನ. ಯಜಮಾನರನ್ನು ಒಂದು ಕುರ್ಚಿಯಲ್ಲಿ ಕೂಡಿಸಿ ಏನಾದರೂ ಕುಡಿಯಲು ತರುತ್ತೇನೆಂದು ಹೋದೆ. ಕೌಂಟರಿನ ಹಿಂದೆ ಕಸ್ತೂರಿ ಇದ್ದಳು. ಕಪ್ಪು ಟೋಪಿ, ಎದೆಯ ಮೇಲೆ ಹೆಸರಿನ ಪಟ್ಟಿ. ಜಡೆ ಇಲ್ಲ, ಕೂದಲನ್ನು ಬಲೆಯೊಳಗೆ ಗಂಟು ಹಾಕಿದ್ದಳು.

“ಅಕ್ಕಾರ” ಎಂದಳು, ನಾನು ಗುರುತು ಹಿಡಿಯುವ ಮುಂಚೆ. “ಎಲ್ಲಿಗೆ ಹೊಂಟೀರಿ? ಕಾಕಾರು ಅರಾಮ ಅದಾರ?”

“ಅಲ್ಲೇ ಕೂತಾರ ನೋಡು. ನೀ ಯಾವಾಗ ಇಲ್ಲಿ ಬಂದಿ?”

“ವರ್ಷ ಆತ್ರಿ. ಹೋಟೆಲಿನಾಗ ಭಾಳ ಹೊತ್ತ ನಿಲ್ಲಸ್ತಾರ. ಇಲ್ಲಿ ಸಡಾಕ್ಕ ಸಮೀಪ ಆಗತೈತಿ.” ಸ್ವಲ್ಪ ತಡೆದು, “ಕೋಕಂ ಸೋಡಾ ಕೊಡ್ಲ್ಯಾ? ಕಾಕಾರಿಗೆ ಸೇರತೈತಿ” ಎಂದಳು.

ಎರಡು ಗಾಜಿನ ಗ್ಲಾಸು ಇಟ್ಟು ಸೋಡಾ ತುಂಬಿದಳು. ಕೋಕಂ ಹಣ್ಣಿನ ಕೆಂಪು ಸಿರಪ್ಪನ್ನು ಬಾಟಲಿಯಿಂದ ಒಮ್ಮೆಲೇ ಸುರಿದುಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಕೌಂಟರಿನ ಮೇಲೆ ಬಗ್ಗಿ, ಗ್ಲಾಸಿನ ಮಟ್ಟಕ್ಕೆ ಕಣ್ಣು ತಂದು, ಅದನ್ನು ಸಣ್ಣ ಧಾರೆಯಾಗಿ, ಕೊನೆಗೆ ಒಂದೊಂದೇ ಹನಿಯಾಗಿ ಬಿಟ್ಟಳು. ಬಿಳಿಯ ಗುಳ್ಳೆಗಳ ನಡುವೆ ಬಣ್ಣ ಇಳಿಯಿತು, ಹರಡಿತು. ಒಂದು ಹನಿ ಹೆಚ್ಚಲ್ಲ, ಕಡಿಮೆಯಲ್ಲ ಎಂಬಂತೆ ಬಾಟಲಿಯನ್ನು ಎತ್ತಿದಳು.

ನನಗೆ ತಡೆಯಲಾಗಲಿಲ್ಲ. “ಕಸ್ತೂರಿ, ಆ ವರ್ಷ, ಅಡ್ಮಿಷನ್ ಟೈಮಿನ್ಯಾಗ, ಸೀಟು...”

ಅವಳು ಎರಡನೆಯ ಗ್ಲಾಸಿಗೆ ಬಗ್ಗಿದ್ದಳು. ಅದರಿಂದ ಕಣ್ಣು ತೆಗೆಯಲಿಲ್ಲ.

“ನಮ್ಮ ಕೋರ್ಸಿನ ಕಿಚನ್ನಿನ ಎದರಿಗೆ ಸೈನ್ಸಿನ ಕ್ಲಾಸ್ ಇತ್ತಲ್ರಿ ಅಕ್ಕಾರ. ಹಿಂದಿನ ಮೂರು ಬೆಂಚು ಖಾಲಿ ಇರತಿದ್ದು. ಎರಡ ವರ್ಷ ದಿನಾ ಕಾಣತಿದ್ದು.” ಹನಿ ಬಿಟ್ಟಳು, ನಿಲ್ಲಿಸಿದಳು, ಗ್ಲಾಸನ್ನು ನನ್ನ ಕಡೆ ಸರಿಸಿದಳು. “ಕುಡೀರಿ. ತಡಾ ಮಾಡಿದ್ರ ಸೋಡಾ ಸಪ್ಪಗಾಗತೈತಿ.”

ಮೈಕಿನಲ್ಲಿ ನಮ್ಮ ವಿಮಾನದ ಹೆಸರು ಕೂಗಿದರು. ನನ್ನ ಹಿಂದೆ ಯಾರೋ ಇಬ್ಬರು ಮುಂದೆ ಬರಲು ನೂಕುತ್ತಿದ್ದರು. ನಾನು ಎರಡೂ ಗ್ಲಾಸು ಹಿಡಿದುಕೊಂಡು ಯಜಮಾನರ ಕಡೆ ನಡೆದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದಾಗ ಕಸ್ತೂರಿ ಮುಂದಿನವರಿಗೆ ಗ್ಲಾಸು ಇಟ್ಟು, ಮತ್ತೆ ಹಾಗೆಯೇ ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದಿದ್ದಳು.